ಎರಡು ಬೆರಳು ಹಿಂದೆ

ನಾನು ಮುನ್ನೂರ ಹನ್ನೆರಡು ಜನರಿಗೆ ಕಣ್ಣು ಬರೆದಿದ್ದೇನೆ. ಸೀಸದ ಮನುಷ್ಯರು, ಒಬ್ಬೊಬ್ಬನೂ ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಅಷ್ಟು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಗಾದರೂ ನೆಟ್ಟಗೆ ಒಂದು ಬಿಂದಿಗೆ ಬಿಡಿಸುವುದನ್ನು ಕಲಿಸಿದೆ ಎಂದು ಎದೆ ತಟ್ಟಿ ಹೇಳಲಾರೆ. ಆದರೆ ಆ ಮುನ್ನೂರ ಹನ್ನೆರಡು ಜೋಡಿ ಕಣ್ಣುಗಳ ಬಗ್ಗೆ ಯಾರಾದರೂ ತಕರಾರು ತೆಗೆದರೆ ಈ ವಯಸ್ಸಿನಲ್ಲೂ ಜಗಳಕ್ಕೆ ನಿಲ್ಲುತ್ತೇನೆ.

ಈ ಹುಚ್ಚು ಹಿಡಿಸಿದವನು ಚಚಡಿಯ ಶಂಕ್ರೆಪ್ಪ. ಪಲ್ಟಣದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಹವಾಲ್ದಾರನಾಗಿ ನಿವೃತ್ತನಾಗಿ ಬಂದು ಹೊಲ ಮಾಡಿಕೊಂಡಿದ್ದ. ನೌಕರಿಯ ಮೊದಲಿನ ದಿನಗಳಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನ ಬಂಗಲೆಯಲ್ಲಿ ಕೆಲಸಕ್ಕಿದ್ದನಂತೆ. ಆ ಸಾಹೇಬ ರವಿವಾರ ಬಂತೆಂದರೆ ದೊಡ್ಡ ಟೇಬಲ್ಲಿನ ಮೇಲೆ ಸೀಸದ ಸೈನಿಕರನ್ನು ಹೂಡಿ, ದಾಳ ಒಗೆದು, ಹಳೆಯ ಕಾಲದ ಲಡಾಯಿಗಳನ್ನು ಮತ್ತೆ ಆಡುತ್ತಿದ್ದ. ದೇಶ ಬಿಟ್ಟು ಹೋಗುವಾಗ ಸೈನಿಕರನ್ನು ಒಯ್ದು, ಆಟದ ನಿಯಮಗಳ ಚಿಕ್ಕ ಪುಸ್ತಕವೊಂದನ್ನು ಇವನಿಗೆ ಕೊಟ್ಟು ಹೋದ. ಇಂಗ್ಲಿಷ್ ಬಾರದ ಶಂಕ್ರೆಪ್ಪ ಅದನ್ನು ಟ್ರಂಕಿನಲ್ಲಿ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಒಂದು ದಿನ ಸೀದಾ ನನ್ನ ಡ್ರಾಯಿಂಗ್ ಕ್ಲಾಸಿಗೇ ಬಂದು ಅದನ್ನು ನನ್ನ ಕೈಗಿಟ್ಟ.

"ಮಾಸ್ತರ್ರ, ಇದನ್ನ ನೀವು ಓದಿ ಹೇಳ್ರಿ. ನಾವು ಕಿತ್ತೂರಿನ ಲಡಾಯಿ ಆಡೂಣು."

ಓದಿ ಹೇಳಿದೆ. ಹೇಳಿದವನೇ ಸಿಕ್ಕಿಹಾಕಿಕೊಂಡೆ.

ಊರಿನ ಒಂದು ಛಾಪಖಾನೆಯವರು ಸವೆದ ಅಚ್ಚುಮೊಳೆಗಳನ್ನು ತೂಕಕ್ಕೆ ಹಾಕುತ್ತಿದ್ದರು. ಅವನ್ನು ತಂದು ಕರಗಿಸಿದೆ. ಎಷ್ಟೋ ಲಗ್ನಪತ್ರಿಕೆಗಳನ್ನೂ ಜಾತ್ರೆಯ ಕರಪತ್ರಗಳನ್ನೂ ಅಚ್ಚು ಹಾಕಿದ ಅಕ್ಷರಗಳು ನನ್ನ ಕೈಯಲ್ಲಿ ಸಿಪಾಯಿಗಳಾದವು. ಮುಖದ ಅಚ್ಚು ಎರಡೂ ದಂಡಿಗೆ ಒಂದೇ. ಕುಂಪಣಿಯ ಕೆಂಪಂಗಿ ತೊಟ್ಟವರಲ್ಲಿಯೂ ಬಹಳ ಜನ ನಮ್ಮ ಕಡೆಯವರೇ ಇದ್ದರಲ್ಲ, ಹಾಗಾಗಿ ಮುಖದ ಕಂದು ಬಣ್ಣವೂ ಒಂದೇ. ಅಂಗಿ ಮಾತ್ರ ಬೇರೆ. ಕುಂಪಣಿಯವರು ನೂರ ಅರವತ್ತೆರಡು ಜನ, ಎಲ್ಲರಿಗೂ ಅದೇ ಕೆಂಪು, ಅದೇ ಬಿಳಿ ಪಟ್ಟಿ. ಬೇಸರದ ಕೆಲಸ. ಕಿತ್ತೂರಿನವರು ನೂರೈವತ್ತು ಜನ, ಅವರಲ್ಲಿ ಒಬ್ಬನ ರುಮಾಲಿನಂತೆ ಇನ್ನೊಬ್ಬನ ರುಮಾಲಿಲ್ಲ. ಒಬ್ಬನ ಧೋತರದ ಅಂಚು ಹಸಿರು, ಒಬ್ಬನದು ಇಟ್ಟಿಗೆ ಬಣ್ಣ, ಒಬ್ಬನ ಕಂಬಳಿಗೆ ತೇಪೆ. ಕೋಟೆಯ ಬುರುಜಿನ ಮೇಲೆ ತೋಪಿಗೆ ಬತ್ತಿ ಹಚ್ಚುವ ಗೋಲಂದಾಜನೊಬ್ಬನಿದ್ದ. ಅವನ ಎಡ ಹುಬ್ಬಿನ ಮೇಲೆ ಸುಟ್ಟ ಕಲೆಯನ್ನೂ ಬರೆದಿದ್ದೆ. ಬರಿಗಣ್ಣಿಗೆ ಅದು ಕಾಣುತ್ತಿರಲಿಲ್ಲ. ಕಾಣದಿದ್ದರೇನು, ಇತ್ತು.

ಕಣ್ಣು ಮಾತ್ರ ಕೊನೆಗೆ. ಅಳಿಲಿನ ಬಾಲದ ಎರಡೇ ಕೂದಲಿನ ಕುಂಚ, ಉಸಿರು ಬಿಗಿಹಿಡಿದು ಒಂದು ಚುಕ್ಕೆ, ಇನ್ನೊಂದು ಚುಕ್ಕೆ. ನನ್ನ ತಂದೆ ಹೂಲಿಯಲ್ಲಿ ಪೌರೋಹಿತ್ಯ ಮಾಡಿದವರು. ಗಣಪತಿ ಮಾಡುವವನು ಕಣ್ಣು ಬರೆಯುವ ತನಕ ಅದು ಮಣ್ಣು, ಬರೆದ ಮೇಲೆ ಅದು ಮಣ್ಣಲ್ಲ ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಬೇಸರ ಬಂದಿತ್ತು. ಬೇಸರ ಬಂದದ್ದನ್ನು ಮನುಷ್ಯ ಬೇಗ ಮರೆಯುತ್ತಾನೆ.

ಶಾಲೆಯ ಹಿಂಭಾಗದಲ್ಲಿ ಯಾರೂ ಬಳಸದ ಒಂದು ಖೋಲಿ, ಅದರೊಳಗೆ ಟೇಬಲ್ ಟೆನಿಸ್ಸಿನ ಹಳೆಯ ಟೇಬಲ್. ಅದರ ಮೇಲೆ ಹಸಿ ಉಸುಕು ಹರವಿ, ಒಂದು ತುದಿಗೆ ಕೋಟೆ ಕಟ್ಟಿ, ರವಿವಾರ ಮಧ್ಯಾಹ್ನ ಊಟ ಮುಗಿಸಿ ನಿಂತರೆ ಸಂಜೆಯವರೆಗೆ ನಾವು ಈ ಲೋಕದಲ್ಲಿ ಇರುತ್ತಿರಲಿಲ್ಲ. ನಿಯಮ ಕಡಿಮೆ. ಕಾಲಾಳು ಒಂದು ಗೇಣು ನಡೆಯಬೇಕು, ಕುದುರೆ ಎರಡು ಗೇಣು. ಕುಂಪಣಿಯ ದೊಡ್ಡ ತೋಪಿನ ಗುಂಡು ನಾಲ್ಕು ಫೂಟು ಮುಟ್ಟುತ್ತದೆ. ತೋಪನ್ನು ಕಣ್ಣಂದಾಜಿನಿಂದ ಉಸುಕಿನಲ್ಲಿ ಮುಂದೆ ತಳ್ಳಬೇಕು, ಬಿಟ್ಟ ಮೇಲೆಯೇ ಟೇಪು ಹಿಡಿಯಬೇಕು. ನಾಲ್ಕು ಫೂಟಿನ ಒಳಗಿದ್ದರೆ ದಾಳ ಒಗೆಯಬಹುದು, ಹೊರಗಿದ್ದರೆ ಗುಂಡು ವ್ಯರ್ಥ. ಟೇಪು ಹಿಡಿದವನ ಮಾತೇ ಕೊನೆಯದು, ಎದುರಿನವನು ಮತ್ತೆ ಅಳೆಯುವಂತಿಲ್ಲ. ಸತ್ತವನನ್ನು ಅಲ್ಲೇ ಮಗ್ಗುಲಿಗೆ ಮಲಗಿಸುವುದು. ಆಟ ಮುಗಿದ ಮೇಲೆ ಯಾರು ಕೆಡವಿದರೋ ಅವರೇ ಎತ್ತಿ ನಿಲ್ಲಿಸಬೇಕು.

ಕುಂಪಣಿ ಯಾವಾಗಲೂ ನನ್ನ ಪಾಲಿಗೆ. "ಐದು ವರ್ಷ ಇಂಗ್ರೇಜರ ಉಪ್ಪು ತಿಂದೇನ್ರಿ ಮಾಸ್ತರ್ರ. ಈ ಟೇಬಲ್ ಮ್ಯಾಲಾದ್ರೂ ನಾ ಆ ಕಡೆ ನಿಂದ್ರಾಂವ ಅಲ್ಲ" ಎಂದು ಶಂಕ್ರೆಪ್ಪ ಮೊದಲ ದಿನವೇ ಹೇಳಿಬಿಟ್ಟಿದ್ದ. ನನಗೂ ಹಟವಿರಲಿಲ್ಲ. ಯಾರಾದರೂ ಒಬ್ಬರು ಕುಂಪಣಿಯಾಗದಿದ್ದರೆ ಲಡಾಯಿ ಹೇಗೆ ನಡೆಯಬೇಕು?

ನಾವು ಆಡುತ್ತಿದ್ದುದು ಕಿತ್ತೂರಿನ ಎರಡನೆಯ ಲಡಾಯಿ, ಕಿತ್ತೂರು ಬಿದ್ದ ಲಡಾಯಿ. ಏಳು ವರ್ಷದಲ್ಲಿ ಶಂಕ್ರೆಪ್ಪ ಒಮ್ಮೆಯೂ ಗೆಲ್ಲಲಿಲ್ಲ. ಎರಡು ಸಲ ಗೆಲುವಿನ ಹತ್ತಿರ ಬಂದು ಸೋತ. ಸೋತಾಗಲೆಲ್ಲ ಬೀಡಿ ಹಚ್ಚಿ ಅದೇ ಮಾತು: "ಒಂದಲ್ಲ ಒಂದಿನ ಗೆದ್ದು ತೋರಸ್ತೇನ್ರಿ. ಗೆಲ್ಲಾಕ ಬರತಿತ್ತು ಅನ್ನೂದು ನಂಗ ಗೊತ್ತೈತಿ." ಅವನಿಗೆ ಅದು ಆಟವಾಗಿರಲಿಲ್ಲ. ಎರಡನೆಯ ವರ್ಷ ಅವನ ಮುಖ ನೋಡಲಾಗದೆ ನನ್ನ ಕುದುರೆಗಳನ್ನು ಬೇಕೆಂದೇ ಒಂದು ಗೇಣು ಕಡಿಮೆ ನಡೆಸಿದ್ದೆ. ತಕ್ಷಣ ಹಿಡಿದ. ಕೈಯಲ್ಲಿದ್ದ ದಾಳವನ್ನು ಟೇಬಲ್ಲಿನ ಮೇಲೆ ಇಟ್ಟ.

"ಮಾಸ್ತರ್ರ, ನಂಗ ಗೆಲುವಿನ ಭಿಕ್ಷಾ ಹಾಕಬ್ಯಾಡ್ರಿ. ಇನ್ನೊಮ್ಮೆ ಹಿಂಗ ಮಾಡಿದ್ರ ನಾ ಈ ಖೋಲಿ ಮೆಟ್ಟಲಾ ಹತ್ತೂದಿಲ್ಲ."

ಮೂರು ರವಿವಾರ ಬರಲಿಲ್ಲ. ನಾಲ್ಕನೆಯ ರವಿವಾರ ನಾನೇ ಚಚಡಿಗೆ ಬಸ್ಸು ಹಿಡಿದು ಹೋಗಿ, ಅವನ ಕಟ್ಟೆಯ ಮೇಲೆ ಕೂತು, ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟು ಕರೆತಂದೆ.

ಎಪ್ಪತ್ತನಾಲ್ಕನೇ ಇಸವಿ ಬಂತು. ಕಿತ್ತೂರಿನ ಲಡಾಯಿಗೆ ನೂರೈವತ್ತು ವರ್ಷ. ನನಗೆ ಮಾತ್ರ ಅದು ನಿವೃತ್ತಿಯ ವರ್ಷ. ದಸರೆಯ ಹೊತ್ತಿಗೆ ಖೋಲಿ ಖಾಲಿ ಮಾಡಬೇಕು, ಅಲ್ಲಿ ಹೊಸ ವರ್ಗ ಕೂಡುತ್ತದೆ ಎಂದು ಶಾಲೆಯಿಂದ ಚೀಟಿ ಬಂತು. ನನ್ನದು ಎರಡು ಖೋಲಿಯ ಬಾಡಿಗೆ ಮನೆ. ಹೆಂಡತಿ ಯಮುನಾಬಾಯಿ ಮೊದಲೇ ಸ್ಪಷ್ಟ ಮಾಡಿದಳು: "ನಿಮ್ಮ ದಂಡು ಇಲ್ಲಿ ಬಂದ್ರ ನಾ ಎಲ್ಲಿ ಮಲಗಲಿ? ಕೋಟಿ ಒಳಗೋ ಹೊರಗೋ?"

ನಾನು ಸತ್ತ ಮೇಲೆ ಇವರ ಗತಿಯೇನು ಎಂಬ ಚಿಂತೆ ಹತ್ತಿದ್ದೂ ಆಗಲೇ. ಹಳೆ ಸಾಮಾನಿನವನು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ, ಮತ್ತೆ ಕರಗಿಸುತ್ತಾರೆ. ನನಗೆ ಮಕ್ಕಳಿಲ್ಲ. ಬೇರೆ ಯಾವ ಆಸೆಯನ್ನೂ ನಾನು ಅಷ್ಟು ಹಚ್ಚಿಕೊಂಡವನಲ್ಲ. ಆದರೆ ನನ್ನ ಸೈನಿಕರು ಎಲ್ಲಿಯಾದರೂ ಗಾಜಿನ ಹಿಂದೆ ನಿಲ್ಲಬೇಕು, ಕೆಳಗೆ ಒಂದು ಚೀಟಿಯ ಮೇಲೆ ನನ್ನ ಹೆಸರು, ರಘೋತ್ತಮ ಹೂಲಿ ಎಂದು ಬರೆದಿರಬೇಕು ಎಂಬ ಆಸೆ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು.

ಆಗ ಕರೆ ಕಳಿಸಿದವನು ಸೋಮಪ್ಪ. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಅಡತಿ ಅಂಗಡಿ, ಪೇಟೆಯ ಗಣಪತಿ ಮಂಡಳಿಗೆ ಅಧ್ಯಕ್ಷ, ಹೊಸದಾಗಿ ಕಟ್ಟಿಸುತ್ತಿದ್ದ ವಾಚನಾಲಯಕ್ಕೂ ಅವನೇ ಮುಂದಾಳು. ಚಹಾ ತರಿಸಿ ಸೀದಾ ಮಾತಿಗೆ ಬಂದ.

"ಮಾಸ್ತರ್ರ, ಈ ಸರ್ತಿ ಗಣಪ್ಪನ ಮುಂದ ನಿಮ್ಮ ದಂಡು ಹೂಡ್ರಿ. ಹನ್ನೊಂದು ದಿನ ಮಂದಿ ನೋಡ್ಲಿ. ಕಡೀ ದಿವ್ಸ ನೀವಿಬ್ರೂ ಮೈಕಿನ ಮುಂದ ಆಟ ಆಡ್ರಿ. ವಾಚನಾಲಯದಾಗ ಗಾಜಿನ ಕಪಾಟ ಮಾಡಸ್ತೇನಿ, ನಿಮ್ಮ ಹೆಸರು ಹಾಕಸ್ತೇನಿ. ಕಾಯಂ."

ಇಷ್ಟು ದಿನ ನಾನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳದ ಆಸೆ ಅದು.

"ಆದ್ರ ಒಂದು ಮಾತು" ಎಂದ ಸೋಮಪ್ಪ. "ನೂರೈವತ್ತನೇ ವರ್ಷ. ಗಣಪ್ಪನ ಮುಂದ ನಮ್ಮ ಕಿತ್ತೂರು ಸೋಲಬಾರದು."

"ಅದು ದಾಳದ ಕೈಯಾಗ ಅದರಿ."

"ದಾಳಕ್ಕ ಏನ್ ಗೊತ್ತೈತ್ರಿ ನೂರೈವತ್ತು ವರ್ಷದ್ದು? ಕುಂಪಣಿ ಆಡಾವ್ರು ನೀವು. ನೀವು ಮನಸ್ಸು ಮಾಡಿದ್ರ ಆತು. ಕಪಾಟಿನ ಮಾತು ನೀವ ವಿಚಾರ ಮಾಡ್ರಿ."

ಎದ್ದು ಬರಬೇಕಿತ್ತು. ಚಹಾ ಕುಡಿದು ಬಂದೆ.

ಶಂಕ್ರೆಪ್ಪನಿಗೆ ಕಪಾಟಿನ ಮಾತು ಹೇಳಿದೆ, ಷರತ್ತಿನ ಮಾತು ನುಂಗಿದೆ. ಅವನು ನನಗಿಂತ ಹೆಚ್ಚು ಸಂತೋಷಪಟ್ಟ. "ಮಂದಿ ಮುಂದ ಆಡೂದಂದ್ರ ಸರಿಯಾಗಿ ತಯಾರಿ ಮಾಡ್ಬೇಕ್ರಿ" ಎಂದು ಜೋಳದ ಹೊಲದ ಕೆಲಸ ಬಿಟ್ಟು ನಾಲ್ಕು ದಿನ ಮೊದಲೇ ಬಂದು, ಮಂಟಪದಲ್ಲಿ ಗಣಪತಿಯ ಎದುರಿಗೆ ನಮ್ಮ ಟೇಬಲ್ ಹಾಕಿಸಿ, ಉಸುಕು ಹರವಿ, ಕೋಟೆ ಕಟ್ಟಿದ. ಕುದುರೆಗಳನ್ನು ಕೋಟೆಯ ಅಗಸೆ ಬಾಗಿಲಿನ ಹಿಂದೆ ಬಚ್ಚಿಡುವ ಹೊಸ ಹಂಚಿಕೆಯೊಂದನ್ನು ಹಾಕಿಕೊಂಡು ಒಬ್ಬನೇ ಮುಸಿಮುಸಿ ನಗುತ್ತಿದ್ದ.

ಜನ ಮುಗಿಬಿದ್ದರು. ಸವದತ್ತಿ, ರಾಮದುರ್ಗದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು ನೋಡಿಹೋದರು. ಬೆಳಗಿನ ಆರತಿಗೆ ಬಂದ ಹೆಂಗಸರು ಗಣಪತಿಗೆ ಏರಿಸಿ ಉಳಿದ ಕುಂಕುಮವನ್ನು ಕಿತ್ತೂರಿನ ಸೈನಿಕರ ತಲೆಯ ಮೇಲೆ ಹಾಕತೊಡಗಿದರು. ಅಕ್ಷತೆ ಹಾಕಿದರು, ಹೂವಿನ ಎಸಳು ಹಾಕಿದರು. ಒಬ್ಬ ಮುದುಕಿ ಗೋಲಂದಾಜನಿಗೆ ಸಕ್ಕರೆ ನೈವೇದ್ಯ ಇಟ್ಟಳು. ಕೆಂಪಂಗಿಯವರ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನು ದಿನಾ ಮಧ್ಯಾಹ್ನ ಕುಂಚದಿಂದ ಕುಂಕುಮ ಕೊಡವುತ್ತ, ವಾರ್ನಿಶ್ ಹಾಳಾಯಿತೆಂದು ಬೈಯುತ್ತಿದ್ದೆ. ಬೈಯುತ್ತಲೇ ಒಳಗೊಳಗೆ ಉಬ್ಬುತ್ತಿದ್ದೆ.

"ಮಾಸ್ತರ್ರ" ಎಂದ ಶಂಕ್ರೆಪ್ಪ ಒಂದು ದಿನ, "ಇವಕ್ಕ ಪೂಜಾ ಮಾಡಾಕ ಹತ್ಯಾರಲ್ರಿ ಮಂದಿ. ಹಿಂಗ ಆದ್ರ ಇವು ನಮ್ಮ ಕೈಯಾಗ ಉಳಿತಾವ?"

"ಕಪಾಟಿನೊಳಗ ಹೋದ ಮ್ಯಾಲೆ ಯಾರೂ ಮುಟ್ಟೂದಿಲ್ಲ ಬಿಡ್ರಿ ಹವಾಲ್ದಾರ್ರ" ಎಂದೆ. ಪುರೋಹಿತರ ಮಗ ನಾನು. ಕೇಳಿದವನು ಒಕ್ಕಲಿಗ. ತಿಳಿದದ್ದು ಅವನಿಗೆ.

ಹನ್ನೊಂದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಟ ಶುರುವಾಯಿತು. ಮೈಕಿನಲ್ಲಿ ಒಬ್ಬ ಪ್ರತಿ ನಡೆಯನ್ನೂ ಕೂಗಿ ಹೇಳುತ್ತಿದ್ದ. ಶಂಕ್ರೆಪ್ಪ ಇಸ್ತ್ರಿ ಮಾಡಿದ ಅಂಗಿ, ಹೊಸ ರುಮಾಲಿನಲ್ಲಿ ಬಂದಿದ್ದ. ದೇವರಾಣೆ ಹೇಳುತ್ತೇನೆ, ಅವನು ಅಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ. ನನ್ನ ಕಾಲಾಳುಗಳು ಅರ್ಧಕ್ಕರ್ಧ ಉಸುಕಿನಲ್ಲಿ ಮಲಗಿದರು. ಕೊನೆಯ ಸರದಿಗೆ ನನಗೆ ಉಳಿದ ದಾರಿ ಎರಡು ದೊಡ್ಡ ತೋಪು ಮಾತ್ರ. ಅವನ್ನು ನಾಲ್ಕು ಫೂಟಿನೊಳಗೆ ತಂದು, ಎರಡಕ್ಕೂ ಸೇರಿ ಒಗೆಯುವ ಒಂದೇ ದಾಳದಲ್ಲಿ ಐದೋ ಆರೋ ಬಿದ್ದರೆ ಬುರುಜು ಬೀಳುತ್ತದೆ, ಗೋಲಂದಾಜ ಸಾಯುತ್ತಾನೆ, ಕಿತ್ತೂರು ಹೋಗುತ್ತದೆ. ಬೀಳದಿದ್ದರೆ ಕಿತ್ತೂರು ಗೆದ್ದಂತೆ. ಐದು, ಆರು ಬೀಳುವುದು ಸುಲಭವಲ್ಲ. ನಾನು ಆಟವನ್ನು ದಾಳಕ್ಕೇ ಬಿಟ್ಟಿದ್ದರೂ ಅವನೇ ಗೆಲ್ಲುವ ಸಂಭವ ಹೆಚ್ಚಿತ್ತು. ಇದನ್ನು ಈಗ ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ತೋಪು ತಳ್ಳಿದೆ. ಏಳು ವರ್ಷದ ಅಭ್ಯಾಸದ ಕೈ, ಡ್ರಾಯಿಂಗ್ ಮಾಸ್ತರನ ಕಣ್ಣು. ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತವು. ನಾಲ್ಕು ಫೂಟಿನ ಒಳಗೇ ಎಂದು ಟೇಪಿಲ್ಲದೆಯೇ ತಿಳಿಯಿತು. ಎದುರಿಗೆ ಸೋಮಪ್ಪ ನನ್ನನ್ನೇ ನೋಡುತ್ತಿದ್ದ. ಶಂಕ್ರೆಪ್ಪ ಬಗ್ಗಿ ಅಗಸೆಯ ಹಿಂದಿನ ಕುದುರೆಗಳನ್ನು ಸರಿಮಾಡುತ್ತಿದ್ದ. ಮೈಕಿನವನು ನೂಕಬೇಡಿರೆಂದು ಜನರನ್ನು ಗದರಿಸುತ್ತಿದ್ದ. ಆ ಗದ್ದಲದಲ್ಲಿ ನಾನು ಎರಡೂ ತೋಪುಗಳನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದೆ. ಆಮೇಲೆ ಟೇಪು ಹಿಡಿದೆ.

"ಮುಟ್ಟೂದಿಲ್ಲ. ಎರಡು ಬೆರಳು ಹೊರಗದ" ಎಂದೆ.

ಶಂಕ್ರೆಪ್ಪ ಅಳೆಯಲಿಲ್ಲ. ಟೇಪಿನ ಕಡೆ ನೋಡಲೂ ಇಲ್ಲ. ನಿಯಮವೇ ಹಾಗಿತ್ತಲ್ಲ. ನನ್ನ ಮುಖ ನೋಡಿದ, ನಂಬಿದ, ಅಗಸೆ ತೆರೆದು ಕುದುರೆಗಳನ್ನು ಬಿಟ್ಟು ತೋಪು ಹಿಡಿದ. ಮಂಟಪ ಹಾರಿಹೋಗುವಂತೆ ಜನ ಕೂಗಿದರು. ಶಂಕ್ರೆಪ್ಪ ಟೇಬಲ್ ಸುತ್ತಿ ಬಂದು ನನ್ನನ್ನು ತಬ್ಬಿಕೊಂಡ. ಐವತ್ತು ದಾಟಿದ ಹವಾಲ್ದಾರ ಮಗುವಿನಂತೆ ಅಳುತ್ತಿದ್ದ.

"ಬಂತಲ್ರಿ ಮಾಸ್ತರ್ರ! ಏಳು ವರ್ಷದ ಮ್ಯಾಲೆ ಬಂತಲ್ರಿ! ನಾ ಹೇಳಿದ್ನಿಲ್ಲ, ಗೆಲ್ಲಾಕ ಬರತಿತ್ತಂತ!"

"ಬಂತು" ಎಂದೆ. ಅವನ ಕಣ್ಣೀರು ನನ್ನ ಹೆಗಲ ಮೇಲೆ ಬಿತ್ತು. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಹೆಗಲೇರುವ ಮುನ್ನ ಅವನು ಬುರುಜಿನ ಗೋಲಂದಾಜನನ್ನು ಎತ್ತಿ, "ಇವತ್ತೊಂದಿನ ಇಂವ ನನ್ನ ಕಿಸೆದಾಗ ಇರಲ್ರಿ, ನಾಳೆ ತಂದು ಕೊಡ್ತೇನಿ" ಎಂದು ಒಳಗಿನ ಕಿಸೆಗೆ ಹಾಕಿಕೊಂಡ. ನಾನು ತಲೆನೋವೆಂದು ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದೆ. ಸಂಜೆ ಗಣಪತಿಯನ್ನು ಲಾರಿಯಲ್ಲಿ ನವಿಲುತೀರ್ಥದ ಹಿನ್ನೀರಿಗೆ ಕಳಿಸಿದ ಪಟಾಕಿ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಅರಳೆ ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಮಂಟಪಕ್ಕೆ ಹೋದೆ. ಕೋಟೆ ಹಾಗೇ ಇತ್ತು. ಉಸುಕು ಹಾಗೇ ಇತ್ತು. ನನ್ನ ಕೆಂಪಂಗಿಯವರು ಸತ್ತವರು ಸತ್ತಲ್ಲಿ, ನಿಂತವರು ನಿಂತಲ್ಲಿ ಇದ್ದರು. ಕಿತ್ತೂರಿನವನು ಒಬ್ಬನೂ ಇರಲಿಲ್ಲ.

ಸೋಮಪ್ಪ ಮಂಟಪ ಬಿಚ್ಚಿಸುತ್ತಿದ್ದ. ನನ್ನನ್ನು ನೋಡಿ ಕೈಮುಗಿದ.

"ಎಲ್ಲಿ ಅವ್ರು?" ಎಂದೆ.

"ಗಣಪ್ಪನ ಸಂಗಡ ಹೋದ್ರಲ್ರಿ. ಹನ್ನೊಂದು ದಿನ ಕುಂಕುಮ, ಆರತಿ ಆದ ಮ್ಯಾಲೆ ಮನಿಗೆ ಒಯ್ಯಾಕ ಬರತೈತೇನ್ರಿ? ಹೆಣ್ಮಕ್ಕಳು ಒಪ್ಪಲಿಲ್ಲ. ದೊಡ್ಡ ಬುಟ್ಟಿಯೊಳಗ ಇಟ್ಟು, ಹೂವು ಹಾಕಿ, ಜೈಕಾರ ಹೇಳಿ, ನಡು ನೀರಾಗ ಬಿಟ್ಟು ಬಂದೇವ್ರಿ. ನಿಮಗ ಹೇಳೂದೇನೈತಿ, ನೀವು ಪೂಜಾ ಮನೆತನದವ್ರು."

"ಕಪಾಟು?"

"ಕಪಾಟಿನಾಗ ಏನ್ ಇಡೂದ್ರಿ ಇನ್ನ? ಕುಂಪಣಿಯವ್ರನ್ನ ನಾವು ಮುಟ್ಟಿಲ್ಲ, ಅವ್ರಿಗ್ಯಾಕ ಆ ಪುಣ್ಯ. ಇವು ನಿಮ್ಮವು, ಒಯ್ರಿ."

ಅವನು ಮಾಡಿದ್ದರಲ್ಲಿ ತಪ್ಪು ಹುಡುಕಲು ಹೋದರೆ ನನ್ನ ತಂದೆಯೇ ಎದುರಿಗೆ ನಿಲ್ಲುತ್ತಿದ್ದರು. ವಿಸರ್ಜನೆಯ ಉತ್ತರಪೂಜೆಗೆ ಮೊದಲೇ ಆ ಸೈನಿಕರನ್ನು ದೇವರ ಮುಂದಿನಿಂದ ತೆಗೆಯಬೇಕಿತ್ತು. ಹೂಲಿಯ ಐದು ವರ್ಷದ ಮಗುವಿಗೂ ತಿಳಿದಿದ್ದ ಸಂಗತಿ. ಕಣ್ಣು ಬರೆದವನೇ ನಾನು, ಅವರು ಬರೀ ಸೀಸವೆಂದು ತಿಳಿದವನೂ ನಾನೇ. ನೂರ ನಲವತ್ತೊಂಬತ್ತು ಜನ, ನೂರ ನಲವತ್ತೊಂಬತ್ತು ರುಮಾಲು, ಹಸಿರು ಅಂಚು, ಇಟ್ಟಿಗೆ ಬಣ್ಣದ ಅಂಚು, ಎಲ್ಲ ಡ್ಯಾಮಿನ ಕೆಸರಿನಲ್ಲಿ. ನಾನು ಟೇಬಲ್ಲಿನ ಅಂಚಿಗೆ ಕುಸಿದು ಅತ್ತೆ. ಸುಳ್ಳೇಕೆ ಹೇಳಲಿ, ಬಿಕ್ಕಿಬಿಕ್ಕಿ ಅತ್ತೆ.

ಆ ಹೊತ್ತಿಗೆ ಶಂಕ್ರೆಪ್ಪ ಬಂದ. ನಿನ್ನೆಯ ಹಾರದ ಎಸಳೊಂದು ಇನ್ನೂ ರುಮಾಲಿಗೆ ಅಂಟಿಕೊಂಡಿತ್ತು. ವಿಷಯ ಕೇಳಿ ಹತ್ತಿರ ಬಂದ. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟ.

"ಅಳಬ್ಯಾಡ್ರಿ ಮಾಸ್ತರ್ರ. ಸೋತು ಹೋಗಿಲ್ಲಲ್ಲ ಅವ್ರು, ಗೆದ್ದು ಹೋದ್ರು. ಮತ್ತ ಮಾಡೂಣು. ನಾ ಸೀಸ ತರತೇನಿ, ನೀವು ಬಣ್ಣ ಹಚ್ಚ್ರಿ. ಇನ್ನೊಂದು ಏಳು ವರ್ಷ ಹಿಡಿತೈತಿ, ಹಿಡೀಲಿ."

ಹೇಳುತ್ತಲೇ, ಲಡಾಯಿ ಮುಗಿದ ಮೇಲೆ ನೆಲ ನೋಡುವ ಹಳೆಯ ಸಿಪಾಯಿಯ ಚಾಳಿಯಿಂದ, ಟೇಬಲ್ಲಿನ ಸುತ್ತ ನಡೆದ. ಅಗಸೆ ನೋಡಿದ, ಕುದುರೆಯ ಹಾದಿ ನೋಡಿದ. ತೋಪುಗಳ ಹತ್ತಿರ ಬಂದು ನಿಂತ. ಬಗ್ಗಿದ.

ಆಟಕ್ಕೆಂದು ನೀರು ಚಿಮುಕಿಸಿದ್ದ ಹಸಿ ಉಸುಕು ರಾತ್ರಿ ಒಣಗಿ ಗಟ್ಟಿಯಾಗಿತ್ತು. ತೋಪಿನ ಗಾಲಿಗಳ ಗೆರೆ ಸ್ವಚ್ಛವಾಗಿ ಮೂಡಿತ್ತು. ಆ ಗೆರೆಗಳು ಗಾಲಿ ನಿಂತಲ್ಲಿಗೆ ಮುಗಿದಿರಲಿಲ್ಲ. ಗಾಲಿಯ ಮುಂದೆ ಇನ್ನೂ ಎರಡು ಬೆರಳು ಹೋಗಿ, ಅಲ್ಲಿ ನಾಲ್ಕು ಗುಳಿಯಾಗಿ ನಿಂತಿದ್ದವು.

ಶಂಕ್ರೆಪ್ಪ ತನ್ನ ಎರಡು ಬೆರಳನ್ನು ಆ ಗೆರೆಯ ಮೇಲಿಟ್ಟ. ಟೇಬಲ್ಲಿನ ತುದಿಯಲ್ಲಿದ್ದ ಟೇಪನ್ನು ಎತ್ತಿಕೊಂಡು, ಏಳು ವರ್ಷದಲ್ಲಿ ಮೊದಲ ಸಲ, ನಾನು ಅಳೆದದ್ದನ್ನು ಮತ್ತೆ ಅಳೆದ. ಗುಳಿಯಿಂದ ಬುರುಜಿಗೆ ನಾಲ್ಕು ಫೂಟಿಗೆ ಒಂದು ಕೂದಲೆಳೆ ಕಡಿಮೆ. ಟೇಪನ್ನು ಮಡಚಿ ಇಟ್ಟ.

"ಹವಾಲ್ದಾರ್ರ, ನಾ ಹೇಳೂದು ಕೇಳ್ರಿ. ಕಪಾಟಿನ ಸಲುವಾಗಿ..." ಎಂದೆ.

"ಏಳು ವರ್ಷ ಸೋತೇನ್ರಿ ಮಾಸ್ತರ್ರ" ಎಂದ, ಮೆಲ್ಲಗೆ. "ಒಂದಿನಾನೂ ಮಾನ ಹೋತು ಅನಿಸಿದ್ದಿಲ್ಲ. ನಿನ್ನೆ ಮಂದಿ ಹೆಗಲ ಮ್ಯಾಲೆ ಕುಂಡ್ರಿಸಿ ಊರೆಲ್ಲಾ ತಿರುಗಿಸಿದ್ರು. ರಾತ್ರಿ ಮನ್ಯಾಗ ಹೆಂಡತಿ ಮಕ್ಕಳಿಗೆಲ್ಲ ಹೇಳೇನಿ, ಗೆದ್ನಿ ಅಂತ."

ಕಿಸೆಯಿಂದ ಗೋಲಂದಾಜನನ್ನು ತೆಗೆದ. ಎಡ ಹುಬ್ಬಿನ ಮೇಲೆ ಸುಟ್ಟ ಕಲೆ ಇದ್ದವನು, ಕಿತ್ತೂರಿನ ದಂಡಿನಲ್ಲಿ ಉಳಿದ ಒಬ್ಬನೇ ಒಬ್ಬ. ಅವನನ್ನು ಬುರುಜಿನ ಮೇಲೆ ಅವನ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಒಂದು ಬೆರಳಿನಿಂದ ಮಗ್ಗುಲಿಗೆ ಮಲಗಿಸಿದ. ಸತ್ತವರನ್ನು ನಾವು ಹಾಗೇ ಮಲಗಿಸುತ್ತಿದ್ದೆವು. ನಂತರ ಮಂಟಪದ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ಹೋದ. ತಿರುಗಿ ನೋಡಲಿಲ್ಲ.

ಚಚಡಿಗೆ ನಾನು ಮೂರು ಸಲ ಹೋದೆ. ಮೊದಲ ಸಲ ಹೊಲಕ್ಕೆ ಹೋಗ್ಯಾರ ಎಂದರು. ಎರಡನೆಯ ಸಲವೂ ಹಾಗೇ ಹೇಳಿದರು. ಮೂರನೆಯ ಸಲ ಅವನು ಕಟ್ಟೆಯ ಮೇಲೇ ಕೂತಿದ್ದ, ನೀರು ಕೊಡಿಸಿದ, ಮಳೆಯ ಮಾತಾಡಿದ, ಬಸ್ಸಿಗೆ ಹೊತ್ತಾಯಿತೆಂದು ನೆನಪು ಮಾಡಿದ. ನಾಲ್ಕನೆಯ ಸಲ ಹೋಗುವ ಧೈರ್ಯ ನನಗಾಗಲಿಲ್ಲ.

ಈಗ ನಮ್ಮ ಮನೆಯ ಅಟ್ಟದ ಮೇಲೆ ನೂರ ಅರವತ್ತೆರಡು ಕೆಂಪಂಗಿಯವರು ಡಾಲ್ಡಾ ಡಬ್ಬಿಗಳಲ್ಲಿದ್ದಾರೆ. ಅವರ ಜೊತೆ ಬೇರೆ ಒಂದು ಸಣ್ಣ ಡಬ್ಬಿಯಲ್ಲಿ ಅರಳೆಯ ಮೇಲೆ ಗೋಲಂದಾಜ ಮಗ್ಗುಲಾಗಿ ಮಲಗಿದ್ದಾನೆ, ಕಣ್ಣು ತೆರೆದುಕೊಂಡೇ. ಕೆಡವಿದವರೇ ಎತ್ತಬೇಕೆಂಬುದು ನಮ್ಮ ನಿಯಮ. ಬೆರಳು ಶಂಕ್ರೆಪ್ಪನದು, ಕೆಡವಿದವನು ನಾನು. ಎತ್ತಬೇಕಾದವನೂ ನಾನೇ, ಆದರೆ ಶಂಕ್ರೆಪ್ಪ ಎದುರಿಗಿಲ್ಲದೆ ಎತ್ತಲಾರೆ. ದೀಪಾವಳಿಗೆ ಅಟ್ಟ ಗುಡಿಸುವಾಗ ಯಮುನಾಬಾಯಿ ಪ್ರತಿ ವರ್ಷ ಆ ಡಬ್ಬಿ ಕೆಳಗಿಳಿಸಿ, "ಇವನನ್ನಾದ್ರೂ ಎತ್ತಿ ನಿಲ್ಲಸ್ರಿ, ದೇವರ ಮಾಡದಾಗ ಇಡೋಣು" ಎನ್ನುತ್ತಾಳೆ. ನಾನು ಮುಚ್ಚಳ ಹಾಕಿ ಮತ್ತೆ ಮೇಲಿಡುತ್ತೇನೆ.